ಕಿಟಕಿಯಲ್ಲಿ ಒಟ್ಲು

ಮದುವೆಯಾಗಿ ಮೂವತ್ತೆಂಟು ದಿನ ಕಳೆದಿತ್ತು. ಗಂಡ ಒಂದು ದಿನವೂ ತನ್ನ ಮುಖವನ್ನು ನೆಟ್ಟಗೆ ನೋಡಿಲ್ಲವೆಂಬುದು ಶಿವನಂಜಮ್ಮನಿಗೆ ಖಾತ್ರಿಯಾಗಿತ್ತು.

ಅವನು ನೋಡುತ್ತಿದ್ದದ್ದು ಸಸಿಗಳನ್ನು. ಬೆಳಗ್ಗೆ ಎದ್ದವನೇ ಚೆಲುವರಾಜು ಕಿಟಕಿಯ ಬಳಿಗೆ ಹೋಗುತ್ತಿದ್ದ. ಅಲ್ಲಿ ಕಟ್ಟೆಯ ಮೇಲೆ ಸಾಲಾಗಿಟ್ಟ ಡಾಲ್ಡಾ ಡಬ್ಬಗಳು, ಡಬ್ಬಗಳ ತುಂಬ ಸಣ್ಣಗೆ ಜರಡಿ ಹಿಡಿದ ಮಣ್ಣು. ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ಒಂದೊಂದೇ ಮೊಳಕೆಯನ್ನು ಬಾಯಿಬಿಟ್ಟು ಎಣಿಸುತ್ತಿದ್ದ. ಆ ದನಿಯಲ್ಲಿನ ಮುದ್ದು ಕೇಳಿದರೆ ಒಲೆಯ ಮುಂದೆ ಕೂತವಳಿಗೆ ಹೊಟ್ಟೆಯೊಳಗೇ ಇನ್ನೊಂದು ಒಲೆ ಹತ್ತಿಕೊಳ್ಳುತ್ತಿತ್ತು.

ಅದು ಐವತ್ತೆಂಟನೇ ಇಸವಿಯ ಮುಂಗಾರು. ಮೈಸೂರಿನ ಚಾಮರಾಜಪುರಂನ ಹಿಂದಿನ ಓಣಿಯ ಆ ಮನೆಗೆ ಇದ್ದದ್ದು ಒಂದೇ ಕಿಟಕಿ. ಚೆಲುವರಾಜು ಒಂದು ಬಂಗಲೆಯಲ್ಲಿ ಮಾಲಿ. ದಸರಾ ಹೂವಿನ ಪ್ರದರ್ಶನಕ್ಕೆಂದು ಬಂಗಲೆಯ ಅಮ್ಮನವರು ತರಿಸಿದ ಆಸ್ಟರ್ ಬೀಜ ಮಳೆಗೆ ಕೊಳೆಯಬಾರದೆಂದು ಮನೆಗೇ ತಂದು ಬಿತ್ತಿದ್ದ. ಶಿವನಂಜಮ್ಮನಿಗೂ ಅದೇ ಕಿಟಕಿ ಬೇಕು. ಅವಳು ಊದುಬತ್ತಿ ಹೊಸೆಯುತ್ತಿದ್ದಳು. ಹೊಸೆದ ಕಡ್ಡಿ ಆರಲು ಗಾಳಿ ಬೇಕಿತ್ತು.

"ಪೈರಿನ ಒಟ್ಲು ಬಿಡೋದು ಹೊಲದ ಮೂಲೇಲಿ, ಪಾತಿ ಮಾಡಿ. ಮನೆಯೊಳಗೆ ಸಸಿ ಎಬ್ಬಿಸೋದನ್ನ ನಾನೆಲ್ಲೂ ಕಂಡಿಲ್ಲ," ಎಂದಿದ್ದಳು ಒಮ್ಮೆ.

"ನಿಮ್ಮೂರಲ್ಲಿ ಎಬ್ಬಿಸೋದು ರಾಗಿ ಪೈರು. ಇದು ಆಸ್ಟರ್ ಕಣೇ. ದೊರೆಸಾನಿ. ಮಳೆ ತಡೆಯಲ್ಲ."

"ಅಂಗಾದ್ರೆ ಈ ಮನೇಲಿ ದೊರೆಸಾನಿ ಅವಳೇ ಅನ್ನಿ."

ಅವನು ನಕ್ಕಿದ್ದ. ನಗುವಾಗಲೂ ಕಣ್ಣು ಅವಳ ಕಿವಿಯಾಚೆಯ ಗೋಡೆಯ ಮೇಲಿತ್ತು. "ಜಗಳ ಯಾಕೆ? ಅರ್ಧ ಕಟ್ಟೆ ನಿಂದು, ಅರ್ಧ ಅವಳದು," ಎಂದು ಡಬ್ಬಗಳನ್ನು ಒಂದು ಬದಿಗೆ ತಳ್ಳಿಕೊಟ್ಟಿದ್ದ.

ಕೆಲವು ಸಂಗತಿ ಅವಳಿಗೆ ವಿಚಿತ್ರವೆನಿಸಿದ್ದುಂಟು. ಅತ್ತೆ ಕೆಂಚಮ್ಮ ನೀರಿನ ಚೊಂಬನ್ನು ಮಗನ ಮುಂದಿಡದೆ ಕೈಗೇ ಕೊಡುತ್ತಿದ್ದಳು. ದೀಪ ಹಚ್ಚುವ ಮೊದಲೇ ಅವನು ಮನೆ ಸೇರಿಬಿಡುತ್ತಿದ್ದ. ಒಬ್ಬನೇ ಮಗ, ಮುದ್ದು ಜಾಸ್ತಿ ಎಂದುಕೊಂಡು ಸುಮ್ಮನಾಗಿದ್ದಳು.

ಒಂದು ಸಂಜೆ ತವರಿನ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಅವನ ದಾರಿಗೆ ಅಡ್ಡ ನಿಂತಳು. "ಎಂಗದೆ?"

ಅವನು ಒಂದು ಕ್ಷಣ ತಡವರಿಸಿ ಹೇಳಿದ, "ಕೆಂಪು ನಿಂಗೆ ಚೆನ್ನಾಗಿ ಒಪ್ತದೆ."

ಅಣಕಿಸಿದನೆಂದೇ ಅವಳು ತಿಳಿದಳು. ಮಾರನೆಯ ಬೆಳಗ್ಗೆ, ಅವನಿನ್ನೂ ಏಳುವ ಮೊದಲು, ತುದಿಯ ಡಬ್ಬದ ಮೊಳಕೆಗಳನ್ನೆಲ್ಲ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಬೈಯಲಿ. ಹೊಡೆಯಲಿ. ಆಗಲಾದರೂ ನನ್ನ ಕಡೆ ತಿರುಗುತ್ತಾನಲ್ಲ!

ಅವತ್ತು ಮೋಡ ಕವಿದು ಕಿಟಕಿ ಮಂಕಾಗಿತ್ತು. ಚೆಲುವರಾಜು ಬಂದು ತುದಿಯ ಡಬ್ಬದ ಮೇಲೆ ಬಗ್ಗಿದ. ಬಹಳ ಹೊತ್ತು ಹಾಗೇ ಇದ್ದ. ಅವಳು ಬೈಗುಳಕ್ಕೆ ಕಾದು ನಿಂತಳು.

"ಹದಿನೆಂಟು!" ಎಂದ ಗೆಲುವಾಗಿ. "ನಿನ್ನೆಗಿಂತ ಎರಡು ಜಾಸ್ತಿ ಕಣೇ."

ಶಿವನಂಜಮ್ಮ ಮುಷ್ಟಿಯ ಮೊಳಕೆಗಳನ್ನು ಕೆಳಗೆ ಬಿಟ್ಟಳು. ಮೆಲ್ಲಗೆ ಹತ್ತಿರ ಹೋಗಿ ಅವನ ಕಣ್ಣೆದುರು ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ. ಅವನ ಬೆರಳು ಹಿಡಿದು ಬರಿ ಮಣ್ಣಿನ ಮೇಲಿಟ್ಟಳು.

ಮಣ್ಣನ್ನು ತಡವಿ ತಡವಿ ಅವನ ಮುಖದ ನಗು ಆರಿಹೋಯಿತು.

"ಎಷ್ಟು ದಿವಸದಿಂದ?" ಎಂದಳು.

"ಎರಡು ವರ್ಷ. ಕಣ್ಣಿನ ನರ ಒಣಗ್ತಾ ಅದಂತೆ. ಔಷಧಿ ಇಲ್ಲ ಅಂದ್ರು ಡಾಕ್ಟ್ರು. ಒಳ್ಳೆ ಬಿಸಿಲಿದ್ರೆ ಹತ್ತಿರದ್ದು ಕಾಣ್ತದೆ. ದಿನಾ ಮೊಳಕೆ ಎಣಿಸ್ತೀನಿ. ಎಣಿಸೋಕಾದ್ರೆ ಕಣ್ಣು ಇನ್ನೂ ಉಳಿದದೆ ಅಂತ." ಬರಿ ಮಣ್ಣಿನಿಂದ ಬೆರಳು ಹಿಂತೆಗೆದ. "ಇವತ್ತು ಏನೂ ಕಾಣ್ಲಿಲ್ಲ. ನಿಂಗೆ ಕೇಳಿಸ್ಲಿ ಅಂತ ಸುಳ್ಳು ಹೇಳ್ದೆ."

ಅವಳು ಹಿತ್ತಿಲಿಗೆ ಹೋಗಿ ಅತ್ತೆಯ ಮುಂದೆ ನಿಂತಳು. ಕೆಂಚಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಜ ಹೇಳಿದ್ರೆ ಯಾರವ್ವ ಹೆಣ್ಣು ಕೊಡೋರು? ನಾನು ಕಣ್ಣು ಮುಚ್ಚಿದ ಮೇಲೆ ಅವನಿಗೆ ಒಂದು ತುತ್ತು ಇಕ್ಕೋರು ಬೇಕಿತ್ತು."

"ಅದಕ್ಕೆ ನನ್ನ ಕಣ್ಣಿಗೆ ಮಣ್ಣೆರಚಿದ್ರಾ, ಅತ್ತೆ?"

ಬೂದಿ ಮೆತ್ತಿದ ಕೈಯಿಂದಲೇ ಮುದುಕಿ ಮುಖ ಒರೆಸಿಕೊಂಡಳು.

ನಾಲ್ಕು ದಿನ ಅವಳು ಊದುಬತ್ತಿ ಹೊಸೆಯುತ್ತಲೇ ಕಳೆದಳು. ಐದನೆಯ ದಿನ ನಂಜನಗೂಡು ಕಡೆಯಿಂದ ಅವಳ ಅಣ್ಣ ಮರಿಯಯ್ಯ ಬಂದ. ಆಷಾಢ ಹುಟ್ಟುತ್ತಿತ್ತು. ಹೊಸ ಸೊಸೆ ಆ ತಿಂಗಳು ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಕೆಂಚಮ್ಮ ಸೊಸೆಯ ಮುಖವನ್ನು ಬೇಡುವ ಹಾಗೆ ನೋಡಿದಳು, ಹೇಳಬೇಡ ಎಂಬಂತೆ. ಶಿವನಂಜಮ್ಮ ಬಾಯಿ ಬಿಡಲಿಲ್ಲ.

ಹೇಳಿದವನು ಚೆಲುವರಾಜು. ಎದ್ದು ನಿಂತು, ಮರಿಯಯ್ಯನ ದನಿ ಬಂದ ಕಡೆಗೆ ತಿರುಗಿ ಹೇಳಿದ, "ಭಾವ, ನನಗೆ ಕಣ್ಣು ಹೋಗ್ತಾ ಅದೆ. ಮುಚ್ಚಿಟ್ಟು ಮದುವೆಯಾದೆ. ತಪ್ಪು ನಂದು."

ಮರಿಯಯ್ಯ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. "ಅರಗಿಣಿಯಂಥ ಹುಡುಗೀನ ಕುರುಡನಿಗೆ ಕಟ್ಟಿಸ್ಕೊಂಡ್ರಲ್ಲೋ!" ಚೆಲುವರಾಜು ಕೈ ಎತ್ತಲಿಲ್ಲ. "ನಡಿ ನಂಜಿ," ಎಂದ ಅಣ್ಣ. "ಆಷಾಢ ಕಳೆದ್ರೂ ಕಳಿಸಲ್ಲ."

ಅವಳು ಗಂಟು ಕಟ್ಟಿದಳು. ಅಷ್ಟರಲ್ಲಿ ಮೋಡ ಸರಿದು ಕಿಟಕಿಯಲ್ಲಿ ಬಿಸಿಲು ಬಿತ್ತು. ಬಿಸಿಲಿನ ಬಿಸಿ ಕೈಗೆ ತಾಗಿದೊಡನೆ ಅವನು ಕರೆದ.

"ಶಿವೂ, ಒಂದು ಗಳಿಗೆ ಇಲ್ಲಿ ನಿಂತ್ಕೋತೀಯಾ? ನಿನ್ನ ಮುಖಾನ ನಾನು ಸರಿಯಾಗಿ ನೋಡೇ ಇಲ್ಲ."

ಮದುವೆಯಾದಂದಿನಿಂದ ಅವಳು ಕಾದಿದ್ದ ಮಾತು. ಆದರೆ ಮೋಸದ ಗಾಯ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ಸಸಿ ನೋಡ್ಕೊಳ್ಳಿ," ಎಂದು ಹೊಸಿಲು ದಾಟಿಬಿಟ್ಟಳು.

ತವರಿನಲ್ಲಿ ಎಲ್ಲರೂ ಅವಳಿಗೆ ಮರುಗಿದರು. ಮರಿಯಯ್ಯ ಪಂಚಾಯ್ತಿ ಸೇರಿಸುವ ಮಾತಾಡಿದ, ಬೇರೆ ಸಂಬಂಧದ ಸುಳಿವೂ ಕೊಟ್ಟ. ಅವಳು ಹೂಂಗುಟ್ಟಿದಳು. ಆದರೆ ಒಟ್ಲಿನಲ್ಲಿ ಕೂತು ಪೈರು ಕೀಳುವಾಗ ಕೈ ನಿಂತು ನಿಂತು ಹೋಗುತ್ತಿತ್ತು.

ಮುಚ್ಚಿಟ್ಟು ಮದುವೆಯಾದವನು ಇನ್ನೂ ಮುಚ್ಚಿಡಬಹುದಿತ್ತು. ಅವಳೂ ಬಾಯಿ ಬಿಡುವವಳಿರಲಿಲ್ಲ. ತಾನಾಗಿ ಹೇಳಿ ಅವಳಿಗೆ ಬಾಗಿಲು ತೆರೆದುಕೊಟ್ಟಿದ್ದ. ಪ್ರತಿಯಾಗಿ ಕೇಳಿದ್ದು ಒಂದು ಗಳಿಗೆಯ ಬಿಸಿಲು. ಅದನ್ನೂ ತಾನು ಕೊಡಲಿಲ್ಲ.

ಈ ಒಂದು ಯೋಚನೆ ಅವಳ ಅನ್ನ ಕಿತ್ತುಕೊಂಡಿತು. ಮೋಡ ಕಂಡರೆ, ಮೈಸೂರಲ್ಲೂ ಮೋಡವೇ ಇರಬಹುದೇ ಎನ್ನಿಸುತ್ತಿತ್ತು. ಬಿಸಿಲು ಕಂಡರೆ ಇನ್ನೂ ಕಷ್ಟ.

ಶ್ರಾವಣದ ಮೊದಲ ದಿನ ಗಂಟು ಕಟ್ಟಿ ಅಂಗಳಕ್ಕೆ ಬಂದಳು.

"ಕುರುಡನ ಜೊತೆ ಬಾಳ್ತೀಯಾ?" ಎಂದ ಮರಿಯಯ್ಯ.

"ಕಣ್ಣಿರೋರ ಜೊತೆ ಅತ್ತುಕೊಂಡು ಬಾಳೋರನ್ನೂ ಕಂಡಿವ್ನಿ ಕಣಣ್ಣ."

"ಹೋದ್ರೆ ಈ ಮನೆ ಬಾಗಿಲು ಮುಚ್ತು ಅಂದ್ಕೋ."

ಅವಳು ಅಣ್ಣನ ಕಾಲಿಗೆ ಬಿದ್ದಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ರೈಲಿನವರೆಗೆ ಯಾರೂ ಜೊತೆಗೆ ಬರಲಿಲ್ಲ.

ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಅವಳು ಓಡುನಡಿಗೆಯಲ್ಲಿ ಮನೆಗೆ ಬಂದಳು. ಬಾಗಿಲಲ್ಲಿ ಕೂತಿದ್ದ ಕೆಂಚಮ್ಮ ಅವಳನ್ನು ಕಂಡು ಎದ್ದಳು, ಕೂತಳು, ಕೊನೆಗೆ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

"ಕೆಲಸ ಹೋಯ್ತವ್ವ," ಎಂದಳು ಪಿಸುದನಿಯಲ್ಲಿ. "ಕಳೆ ಅಂತ ಅಮ್ಮನವರ ಹೂಗಿಡ ಕಿತ್ತುಬುಟ್ಟನಂತೆ."

ಚೆಲುವರಾಜು ಕಿಟಕಿಯ ಬಳಿ ಕೂತಿದ್ದ. ಡಬ್ಬಗಳಲ್ಲಿ ಮುಕ್ಕಾಲು ಸಸಿ ನೀರು ಹೆಚ್ಚಾಗಿ ಕೊಳೆತು ಮಲಗಿದ್ದವು. ಉಳಿದವು ತೆಳ್ಳಗೆ ಉದ್ದವಾಗಿ ಬೆಳಕಿನತ್ತ ವಾಲಿದ್ದವು.

"ಅವ್ವಾ?" ಎಂದ.

"ಅಲ್ಲ."

ಅವನ ಕೈ ಕಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು. ಕೇಳಿದ, "ಸಾಮಾನು ಮರೆತು ಹೋಗಿದ್ದೆಯಾ?"

"ಊಂ."

"ಏನು?"

"ನಿಮ್ಮನ್ನ."

ಡಬ್ಬಗಳನ್ನು ಸರಿಸಿ ಅವಳು ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಹತ್ತಿ ಕೂತಳು. ಸೆರಗು ತೆಗೆದು ಬಿಸಿಲಿಗೆ ಮುಖವೊಡ್ಡಿದಳು. ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು. "ಒಳ್ಳೆ ಬಿಸಿಲದೆ. ನೋಡಿ ಈಗ."

ಅವನು ಬಗ್ಗಿದ. ಉಸಿರು ಅವಳ ಕೆನ್ನೆಗೆ ತಾಗಿತು. ಕಣ್ಣು ಮುಚ್ಚಿ ತೆರೆದ, ಮತ್ತೆ ಮುಚ್ಚಿ ತೆರೆದ.

"ಬೆಳಕು ಕಾಣ್ತದೆ," ಎಂದ ನಿಧಾನವಾಗಿ. "ಅದರೊಳಗೆ ಏನೋ ಕಪ್ಪಗೆ... ಅದು ನೀನಾ?"

"ನಾನೇ."

"ಅಷ್ಟೇ ಕಣೇ. ಅಷ್ಟೇ ಉಳಿದಿರೋದು. ಹೋದ ವಾರ ಬಂದಿದ್ರೂ..."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳುವಿನ ಸದ್ದು ಅವನಿಗೆ ಕೇಳಬಾರದಿತ್ತು. ಓಣಿಯಲ್ಲಿ ಜಟಕಾ ಒಂದು ಹಾದುಹೋಯಿತು. ಆಮೇಲೆ ಅವಳು ಮುಖ ಒರೆಸಿಕೊಂಡಳು.

"ಅಂಗಾದ್ರೆ ನಾನೇ ಹೇಳ್ತೀನಿ, ಕೇಳಿಸ್ಕೊಳ್ಳಿ. ಮೂಗು ಮೊಂಡು. ಹುಬ್ಬು ಎರಡೂ ಕೂಡ್ಕೊಂಡವೆ. ಬಣ್ಣ ಎಣ್ಣೆಗೆಂಪಲ್ಲ, ಕಪ್ಪೇ. ಕೆನ್ನೆ ಮೇಲೆ ಸಿಡುಬಿನ ಕಲೆ ಒಂದದೆ. ಎಲ್ಲ ಮೊದಲೇ ಹೇಳ್ಬುಟ್ಟಿದ್ದೀನಿ. ಆಮೇಲೆ ಮೋಸ ಮಾಡಿ ಕಟ್ಟಿಬುಟ್ರು ಅನ್ಬೇಡಿ."

ಅವನು ನಕ್ಕ. ನಗುತ್ತಿದ್ದಂತೆಯೇ ಮುಖ ಒಡೆದು ಕಣ್ಣೀರು ಇಳಿಯಿತು. ಬೆಳಕು ಸೋತ ಕಣ್ಣಲ್ಲಿ ನೀರಿಗೇನೂ ಕಡಿಮೆಯಿರಲಿಲ್ಲ. ಮಣ್ಣು ಮೆತ್ತಿದ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು, ಅಂಜುತ್ತಾ, ಅವಳ ಹಣೆಯ ಮೇಲಿಟ್ಟ. ಬೆರಳು ಹುಬ್ಬಿಗೆ ಇಳಿಯಿತು, ಮೂಗಿಗೆ ಬಂತು.

"ಕಲೆ ಯಾವ ಕೆನ್ನೇಲಿ?" ಎಂದ.

ಶಿವನಂಜಮ್ಮ ಕಣ್ಣು ಮುಚ್ಚಿಕೊಂಡಳು.

"ಹುಡುಕಿ," ಎಂದಳು.