ಖಾಲಿ ಬಿಟ್ಟ ಪುಟಗಳು

ಮಕ್ಕಳ ಸಾಹಿತ್ಯದವರ ಭೋಜನಕೂಟದಲ್ಲಿ ಆ ಸಂಜೆ ಭಾಷಣ ಮಾಡಬೇಕಾಗಿದ್ದ ಕಥೆಗಾರ್ತಿಗೆ ಅಕ್ಕ ಸುದ್ದಿ ಹೇಳಿದ್ದು ಹಾಲ್‌ನ ಬಾಗಿಲಲ್ಲಿ, ತಂಗಿಯ ಕಾಲರ್ ಸರಿಮಾಡುತ್ತಾ.

"ನಿನ್ನ ಮೌನಿಬಾಬಾ ಹೊಸ ಪುಸ್ತಕ ಮಾಡಲ್ವಂತೆ. ನಾಳೆ ಬೇರೆ ಚಿತ್ರಗಾರರಿಗೆ ಕೊಡ್ತೀನಿ. ಈಗ ಸ್ವಲ್ಪ ನಗು, ಫೋಟೋದವರು ಬಂದ್ರು."

ನಗಬೇಕಂತೆ. ಇಂಥ ಸುದ್ದಿಯನ್ನು ಹೊತ್ತು ಗೊತ್ತು ನೋಡಿ ಹೇಳುವ ಅಭ್ಯಾಸ ಅಕ್ಕನಿಗೆ ಹುಟ್ಟಿದಾಗಿನಿಂದ ಇಲ್ಲ.

"ಯಾಕೆ ಮಾಡಲ್ವಂತೆ?"

"ಮಧ್ಯದ ಪುಟಗಳಲ್ಲಿ ನೀನು ಒಂದಕ್ಷರ ಬರೆದಿಲ್ವಲ್ಲ. ಅವನು ನಿನ್ನ ಸಾಲು ಹೊಡೆದು ಹಾಕ್ತಾನಲ್ಲ, ಆ ಸಿಟ್ಟಿಗೆ 'ತಗೋ, ನೀನೇ ಮಾಡ್ಕೋ' ಅಂತ ಖಾಲಿ ಬಿಟ್ಟಿದ್ದೀಯ ಅಂದ್ಕೊಂಡಿದ್ದಾನೆ."

"ಹಾಗಲ್ಲ ಅಂತ ಹೇಳೋದು ತಾನೇ ನೀನು?"

"ನನಗೇನು ಗೊತ್ತು? ಖಾಲಿ ಬಂತು, ಖಾಲಿ ಕಳಿಸಿದೆ."

ಅಕ್ಕ ಪ್ರಕಾಶಕಿ. ಬರೆಯುವವರೂ ಚಿತ್ರ ಬಿಡಿಸುವವರೂ ನೇರವಾಗಿ ಮಾತಾಡಕೂಡದು, ಎಲ್ಲವೂ ಅವಳ ಮೇಜಿನ ಮೇಲೆ ಹಾದೇ ಹೋಗಬೇಕು ಎನ್ನುವುದು ಅವಳ ಕಾನೂನು. ಎದುರುಬದುರು ಕೂತರೆ ಪುಸ್ತಕವಾಗುವುದಿಲ್ಲ, ಜಗಳವಾಗುತ್ತದಂತೆ. ಹಾಗಾಗಿ ವರ್ಷಗಟ್ಟಲೆ ಜೊತೆಗೆ ಪುಸ್ತಕ ಮಾಡಿದರೂ ಕಥೆಗಾರ್ತಿ ಆ ಚಿತ್ರಗಾರನನ್ನು ಕಂಡಿದ್ದು ಬಿಡುಗಡೆ ಸಮಾರಂಭಗಳಲ್ಲಿ ಮಾತ್ರ. ಅಲ್ಲೂ ಅವನು ಮೂಲೆ ಹಿಡಿದು ಬಿಸ್ಕತ್ತು ತಿನ್ನುತ್ತಾ ನಿಂತಿರುತ್ತಿದ್ದ. ಅವಳು ನೋಡಿದರೆ ಅವನ ಕಿವಿ ಕೆಂಪಾಗುತ್ತಿತ್ತು.

ಅವನ ಕರಡು ಚಿತ್ರಗಳು ಬಂದಾಗಲೆಲ್ಲ ಅವಳ ಸಾಲುಗಳ ಮೇಲೆ ಪೆನ್ಸಿಲ್ ಗೀಟು, ಪಕ್ಕದಲ್ಲಿ 'ಇದನ್ನು ಚಿತ್ರ ಹೇಳುತ್ತೆ' ಎಂಬ ಮಾತು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಚಿತ್ರ ನೋಡುತ್ತಿದ್ದಳು. ಹಾಳಾದವನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಒಂದು ಸಿಟ್ಟಿಗೂ ಮುಂದಿನ ಸಿಟ್ಟಿಗೂ ನಡುವೆ ಎಲ್ಲೋ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಅದನ್ನು ಅಕ್ಕನ ಮೇಜಿನ ಮೂಲಕ ಹೇಗೆ ಕಳಿಸುವುದು? ಅದಕ್ಕೇ ಹೊಸ ಕಥೆಯ ಮಧ್ಯದ ಪುಟಗಳನ್ನೆಲ್ಲ ಅವನಿಗೆ ಬಿಟ್ಟುಕೊಟ್ಟಿದ್ದಳು. ಅವನು ಅದನ್ನು ಮುನಿಸು ಅಂದುಕೊಂಡಿದ್ದಾನೆ. ಇಂಥ ಪೆದ್ದನನ್ನು ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಊಟ ಮುಗಿಯುವುದರೊಳಗೆ ಅವನಿಗೆ ವಿಷಯ ತಿಳಿಸಬೇಕಿತ್ತು. ತಿಳಿಸಲು ಬಿಟ್ಟರೆ ತಾನೇ? ಅವಳನ್ನು ವೇದಿಕೆಯ ಮೇಜಿನಲ್ಲಿ ಮುಖ್ಯ ಅತಿಥಿಯ ಪಕ್ಕಕ್ಕೆ ಕೂರಿಸಿದ್ದರು. ಅವನು ಕೂತಿದ್ದ ಚಿತ್ರಗಾರರ ಮೇಜು ಆ ತುದಿಯಲ್ಲಿ, ಅಡುಗೆಮನೆಯ ಬಾಗಿಲ ಬಳಿ. ಏಳಹೋದರೆ ಅಧ್ಯಕ್ಷರು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುತ್ತಿದ್ದರು. ಮುಖ್ಯ ಅತಿಥಿಗಳು ಈಗಿನ ಮಕ್ಕಳು ಓದುವುದೇ ಇಲ್ಲ ಎಂದು ಶುರುಮಾಡಿದವರು ನಿಲ್ಲಿಸುವ ಲಕ್ಷಣವೇ ಇರಲಿಲ್ಲ. ಸೂಪು ತಣ್ಣಗಾಯಿತು.

ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಅವನು ತಕ್ಷಣ ಚಮಚವನ್ನು ಪರೀಕ್ಷೆ ಮಾಡತೊಡಗಿದ. ಸ್ವಲ್ಪ ಹೊತ್ತಿಗೆ ಕಳ್ಳನಂತೆ ಮತ್ತೆ ನೋಡಿದ. ಹೊರಗೆ ಬನ್ನಿ ಎಂದು ಅವಳು ಕೈಸನ್ನೆ ಮಾಡಿದಳು. ಅವನು ಗಂಭೀರವಾಗಿ ತಲೆಯಾಡಿಸಿ, ಬಡಿಸುವವರನ್ನು ಕರೆದು, ಅವಳಿಗೊಂದು ಜಗ್ಗು ನೀರು ಕಳಿಸಿದ.

ಅಳಬೇಕೋ ನಗಬೇಕೋ ತಿಳಿಯದೆ ಅವಳು ನೀರು ಕುಡಿದಳು.

ಕೊನೆಗೂ ಅವಳ ಸರದಿ ಬಂತು. "ಟೈಮಿಲ್ಲ, ಚಿಕ್ಕದಾಗಿ ಮುಗಿಸಿ," ಎಂದರು ಅಧ್ಯಕ್ಷರು. ಮೈಕಿನ ಮುಂದೆ ನಿಂತರೆ ಮೈಕು ಸತ್ತಿತ್ತು. ಅವಳು ತಲೆ ತಗ್ಗಿಸಿ, ಬರೆದು ತಂದಿದ್ದ ಭಾಷಣವನ್ನು ನೋಡುತ್ತಾ ನಿಂತಳು. ಯಾರೋ ಎದ್ದು ಹೋದರು, ಯಾರೋ ವೈರು ಎಳೆದರು. ಮೈಕು ಗೊರಗೊರ ಅಂದು ಬದುಕಿತು. ಆಗ ಅವಳು ಕಾಗದ ಮಡಿಸಿಬಿಟ್ಟಳು.

"ನನ್ನ ಪುಸ್ತಕ ಚೆನ್ನಾಗಿದೆ ಅಂತೀರಿ. ಅದರಲ್ಲಿ ಚೆನ್ನಾಗಿರೋದನ್ನ ನಾನು ಬರೆದಿಲ್ಲ, ನನ್ನ ಚಿತ್ರಗಾರರು ಬಿಡಿಸಿದ್ದಾರೆ. ನಾನು ಅವರಿಗೆ ಒಂದಿಷ್ಟು ಖಾಲಿ ಪುಟ ಕಳಿಸಿದೆ. ಅವರು ಅದನ್ನ ಸಿಟ್ಟು ಅಂದ್ಕೊಂಡ್ರು. ಅದು ಪ್ರೀತಿ. ಇಷ್ಟೇ ನನ್ನ ಭಾಷಣ."

ಅಷ್ಟು ಹೇಳುವವರೆಗೆ ಅವನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು. ಅಕ್ಕ ಬಾಯಿ ಬಿಟ್ಟುಕೊಂಡು ಕೂತಿದ್ದಳು. ಆಗ ಕಥೆಗಾರ್ತಿ ಅವನ ಮೇಜಿನ ಕಡೆ ನೋಡಿದಳು. ಅವನ ಕುರ್ಚಿ ಖಾಲಿ.

ಚಪ್ಪಾಳೆ ನಿಂತ ಮೇಲೆ ಪಕ್ಕದ ಬಾಗಿಲಿನಿಂದ ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಶರ್ಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ.

ಅವಳು ಯಾರ ಅಪ್ಪಣೆಗೂ ಕಾಯದೆ ಕೆಳಗಿಳಿದು, ಹಾಲ್ ದಾಟಿ, ಅವನ ಎದುರು ಬಂದು ನಿಂತಳು.

"ಕೇಳಿಸ್ತಾ?"

"ಇಲ್ಲ. ಹೊರಗೆ ಜನರೇಟರ್ ಗದ್ದಲ, ಅದರ ಪಕ್ಕದ ಪ್ಲಗ್ಗು ಸಡಿಲ ಇತ್ತು. ಕೈಬಿಟ್ರೆ ಮೈಕು ಹೋಗ್ತಿತ್ತು, ಹಿಡ್ಕೊಂಡೇ ನಿಂತಿದ್ದೆ. ಹೇಗಾಯ್ತು ಭಾಷಣ?"

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. "ಇಲ್ಲಿರೋರಿಗೆಲ್ಲ ಗೊತ್ತಾಯ್ತು ಕಣ್ರೀ, ನಿಮ್ಮೊಬ್ಬರನ್ನ ಬಿಟ್ಟು. ಆ ಪುಟಗಳನ್ನ ಸಿಟ್ಟಿಗೆ ಬಿಟ್ಟಿದ್ದಲ್ಲ. ನನ್ನ ಹತ್ರ ಮಾತು ಬಿಟ್ರೆ ಕೊಡೋಕೆ ಬೇರೇನಿದೆ? ಅದನ್ನೇ ತೆಗೆದು ನಿಮಗೆ ಜಾಗ ಮಾಡಿದೆ. ನಿಮ್ಮನ್ನ ಪ್ರೀತಿಸ್ತೀನಿ. ಮೂರನೇ ಸಲ ಹೇಳೋ ಶಕ್ತಿ ನನಗಿಲ್ಲ."

ಅವನು ಮತ್ತೆ ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡ. ಇನ್ನು ಇವನಿಂದ ಏನೂ ಗಿಟ್ಟುವುದಿಲ್ಲ ಎಂದು ಅವಳು ತಿರುಗುವಷ್ಟರಲ್ಲಿ ಅವನು ಮೆಲ್ಲಗೆ ಬಾಯಿಬಿಟ್ಟ.

"ಕತ್ತೆಮರಿಗೆ ಒಂಟಿ ಅನ್ನಿಸಿತು. ಅದಕ್ಕೆ ತನ್ನ ನೆರಳಿಗೂ ಸ್ವಲ್ಪ ಜಾಗ ಬಿಟ್ಟು ಮಲಗಿತು."

"ಏನಿದು?"

"ನಿಮ್ಮದೇ. ಮೊದಲನೇ ಪುಸ್ತಕದಲ್ಲಿ ನಾನು ಹೊಡೆದು ಹಾಕಿದ ಸಾಲು."

ಅವಳಿಗೇ ಅದು ಮರೆತುಹೋಗಿತ್ತು.

"ಹೊಡೆದಿದ್ದೆಲ್ಲ ಬಾಯಿಪಾಠ ಇದೆ ನನಗೆ," ಎಂದ ಅವನು. ಕಿವಿ ಕೆಂಪಾಗಿದ್ದರೂ ಈ ಸಲ ಕಣ್ಣು ತಪ್ಪಿಸಲಿಲ್ಲ. "ಪುಸ್ತಕದಲ್ಲಿ ಬೇಡ ಅಂತಿದ್ದೆ, ನನಗೆ ಬೇಕಿತ್ತು. ಖಾಲಿ ಪುಟ ಬಂದಾಗ ನೀವು ನನ್ನ ಜೊತೆ ಮಾತು ಬಿಟ್ರಿ ಅಂದ್ಕೊಂಡೆ. ಬಿಡಿಸೋಕೆ ಕೂತರೆ ಕೈಯೇ ಆಡ್ಲಿಲ್ಲ."

"ಇನ್ನೊಂದು ಹೇಳಿ," ಎಂದಳು ಅವಳು.

ಅಷ್ಟರಲ್ಲಿ ಅಕ್ಕ ದಡಬಡನೆ ಬಂದು ಇಬ್ಬರ ನಡುವೆ ತಲೆ ತೂರಿಸಿದಳು. "ಏನಂತೆ? ಪುಸ್ತಕ ಮಾಡ್ತಾನಂತಾ?" ಎಂದವಳೇ ಅವನ ಕಡೆ ತಿರುಗಿದಳು. "ನನಗೆ ಹೇಳಿ, ನಾನು ಅವಳಿಗೆ ಹೇಳ್ತೀನಿ."

"ನೀನು ಹೋಗಿ ಊಟ ಮಾಡಕ್ಕ," ಎಂದಳು ತಂಗಿ, ಅವನ ಮುಖದಿಂದ ಕಣ್ಣು ತೆಗೆಯದೆ. "ನಾವು ಮಾತಾಡ್ತಿದ್ದೀವಿ."