ನಿಂಬೆಹಣ್ಣು ದಾಟದ ಗಾಡಿ

"ಮಂಜರಿ, ಇದಕ್ಕೊಂದು ದಾರ ಪೋಣಿಸಿ ಕೊಡವಾ. ಈಗಿನ ಸೂಜಿಗೆ ತೂತ ಮಾಡೂದನ್ನ ಮರೀತಾರೋ ಏನೋ!"

ಪಂಢರಿನಾಥ ಅಜ್ಜ ಸೂಜಿಯನ್ನು ಮುಂದೆ ಚಾಚಿದ. ಮಂಜರಿ ದಾರದ ತುದಿಯನ್ನು ನೀರಿನಲ್ಲಿ ಅದ್ದಿ, ಬೆರಳಲ್ಲಿ ಹೊಸೆದಳು. ಬಾಯಿಗೆ ಹಾಕುವಂತಿಲ್ಲ, ಪೂಜೆಯ ಹೂವು ಎಂಜಲಾಗುತ್ತದೆ. ಒಂದೇ ಸಲಕ್ಕೆ ದಾರ ಸರಕ್ಕನೆ ಒಳಗೆ ಹೋಯಿತು. ಸೂಜಿಗೆ ತೂತು ಇತ್ತು, ದೊಡ್ಡದೇ ಇತ್ತು.

"ಬೇಷ್!" ಅಂದ ಅಜ್ಜ, ಚೆಂಡು ಹೂವಿನ ಬುಟ್ಟಿಯನ್ನು ಅವಳ ಕಡೆ ತಳ್ಳುತ್ತ. "ನೀನ ಕಟ್ಟಿಬಿಡು ಹಂಗಾರ. ಉದ್ದಂದು ಆಗಲಿ. ಗಾಡಿ ಮೂತಿ ತುಂಬ ಬರಬೇಕು."

ಅವತ್ತು ಖಂಡೇನವಮಿ, ಆಯುಧಪೂಜೆಯ ದಿನ. ಮರಾಠಿ ಸೀಮೆಯ ಚಿಂಚವಾಡದ ಆ ಕಾಲೊನಿಯಲ್ಲಿ ಉಳಿದವರೆಲ್ಲ ಗಾಡಿ ಪೂಜೆ ಮಾಡುವುದು ಮರುದಿನ, ದಸರೆಗೆ. ಧಾರವಾಡ ಕಡೆಯವರಾದ ಮಂಜರಿಯ ಮನೆಯಲ್ಲಿ ಮಾತ್ರ ಒಂದು ದಿನ ಮೊದಲೇ. ಹಾಗಾಗಿ ಇವರ ಪೂಜೆ ನೋಡಲು ಎಲ್ಲರಿಗೂ ಪುರುಸೊತ್ತು. ಮೇಲಿನ ಮನೆಯ ವಿಕ್ರಮ ಆಗಲೇ ಸೈಕಲ್ ಮೇಲೆ ಕಾಲೂರಿ ಕೂತಿದ್ದ. ಅವನು ಮಂಜರಿಯ ಕ್ಲಾಸ್‌ಮೇಟ್. ಬೆಳಗಾವಿಯ ಕಡೆಯವನು, ಕನ್ನಡ ಮರಾಠಿ ಎರಡರಲ್ಲೂ ಕೀಟಲೆ ಮಾಡಬಲ್ಲವನು.

ಪಾರ್ಕಿಂಗಿನಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು.

ಒಂದು ಅಜ್ಜನ ಹಳೆಯ ನೀಲಿ ಗಾಡಿ. ದುಂಡು ದುಂಡು ದೀಪ, ಚೌಕು ಮೂತಿ. ಎಡಬದಿಗೆ ಉದ್ದಕ್ಕೆ ಒಂದು ಗೀರು. ಹೋದ ತಿಂಗಳು ಗೇಟಿನ ಕಂಬಕ್ಕೆ ಉಜ್ಜಿದ್ದು. "ಆ ವಾಚ್‌ಮನ್ ಕಂಬ ಈಚೆ ಸರಿಸ್ಯಾನ!" ಎಂದು ಅಜ್ಜ ಜಗಳ ತೆಗೆದಿದ್ದ. ಎಲ್ಲರೂ ನಕ್ಕಿದ್ದರು. ಮಂಜರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಇನ್ನೊಂದು ಹೊಸ ಗಾಡಿ. ಮೆಣಸಿನಕಾಯಿ ಕೆಂಪು. ಅದೇ ಕಂಪನಿಯದು, ಅದೇ ಹೆಸರಿನದು, ಆದರೆ ಈ ವರ್ಷದ ಮಾಡೆಲ್ಲು. ಮೊನ್ನೆ ಸಂಜೆ ಶೋರೂಮಿನವನು ತಂದು ನಿಲ್ಲಿಸಿ ಹೋಗಿದ್ದ. ಪೂಜೆ ಆಗುವ ತನಕ ಯಾರೂ ಓಡಿಸುವಂತಿರಲಿಲ್ಲ.

ಎರಡೂ ಹುಟ್ಟಿದ್ದು ಪಿಂಪ್ರಿಯ ಒಂದೇ ಫ್ಯಾಕ್ಟರಿಯಲ್ಲಿ. ಅಜ್ಜ ರಿಟೈರ್ ಆಗುವ ತನಕ ಅಲ್ಲಿ ಗಾಡಿಗಳಿಗೆ ಬಾಗಿಲು ಕೂರಿಸುತ್ತಿದ್ದ. ಈಗ ಅಲ್ಲೇ ಮಂಜರಿಯ ಅವ್ವ ನೀಲಿಮಾ ವೈರಿಂಗ್ ಸೆಕ್ಷನ್ನಿನಲ್ಲಿದ್ದಾಳೆ. ಬಣ್ಣಬಣ್ಣದ ವೈರುಗಳನ್ನು ಜೋಡಿಸಿ, ಸುತ್ತಿ, ಜಡೆಯಷ್ಟು ದಪ್ಪದ ಕಟ್ಟು ಮಾಡುವುದು ಅವಳ ಕೆಲಸ.

"ಮಾವಾರ, ನಾಳೆ ಬನ್ನಿ ಕೊಡಾಕ ಕ್ಯಾಂಪಿಗೆ ಹೋಗೂದು ಅದಲ್ಲ, ಅನುಜಾನ ಮನಿಗೆ? ಹೊಸಾದ್ರಾಗ ಹೋಗೂಣೇನ್ರಿ?" ಅವ್ವ ಬಕೆಟ್ ಕೆಳಗಿಡುತ್ತ ಕೇಳಿದಳು. ಅನುಜಾ ಅಂದರೆ ಮಂಜರಿಯ ಸೋದರತ್ತೆ; ದಸರೆಗೆ ಬನ್ನಿ ಎಲೆ ಕೊಡಲು ಕ್ಯಾಂಪ್ ಬಡಾವಣೆಯ ಅವಳ ಮನೆಗೆ ಹೋಗುವುದು ವಾಡಿಕೆ.

ಅಜ್ಜ ಇದುವರೆಗೆ ಹೊಸ ಗಾಡಿಯಲ್ಲಿ ಕೂತೇ ಇರಲಿಲ್ಲ. ಬಾಗಿಲನ್ನು ಒಂದು ಸಲ ತೆಗೆದು, ಹಾಕಿ, ಸದ್ದು ಕೇಳಿ, "ಹೂಂ" ಅಂದಿದ್ದ ಅಷ್ಟೆ. ಆ "ಹೂಂ" ಕೇಳಿದ ಮೇಲೆ ಅವ್ವ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು. ಅಜ್ಜ ಒಮ್ಮೆ ಆ ಗಾಡಿಯಲ್ಲಿ ಕೂತುಬಿಡಲಿ ಎಂದು ಮಂಜರಿ ಅವತ್ತೇ ದೇವರಿಗೆ ಕೈಮುಗಿದಿದ್ದಳು.

"ಮೊದಲ ನಿಂಬಿಹಣ್ಣು ದಾಟಲಿ," ಅಂದ ಅಜ್ಜ. "ಸರಿಯಾಗಿ ದಾಟಿದ್ರ ಕೂಡ್ತೇನಿ. ಇಲ್ಲಂದ್ರ ನನ್ನ ಗಾಡಿ ಅದ, ನಾ ಅದೇನಿ."

"ಹೊಸಾದಕ್ಕ ಏನಾಗೇದರಿ?"

"ಏನೂ ಆಗಿಲ್ಲ. ಆಗೂವಂಥವು ಭಾಳ ಅದಾವ. ನಮ್ಮ ಕಾಲದ ಗಾಡ್ಯಾಗ ಏನಿತ್ತು? ಇಂಜಿನ್ನು, ನಾಕ ಗಾಲಿ, ಒಂದು ಹಾರ್ನು. ಇಲ್ಲದ್ದು ಹ್ಯಾಂಗ ಕೆಡತದ ಹೇಳು? ನೀವು ವೈರ್ ಮ್ಯಾಲೆ ವೈರ್ ತುಂಬೀರಿ. ಒಂದು ಸಡಿಲ ಆತಂದ್ರ ಮುಗೀತು."

ಅವ್ವನಿಗೂ ಸುಮ್ಮನಿರಲಾಗಲಿಲ್ಲ. "ನಿಮ್ಮದು ಕೆಡತಿರಲಿಲ್ಲೇನ್ರಿ ಮಾವಾರ? ಖಂಡಾಳಾ ಘಾಟಿನ್ಯಾಗ ಇಂಜಿನ್ ಬೆಲ್ಟ್ ಹರದಾಗ ಅತ್ತಿಯವರ ಸೀರಿ ಅಂಚು ಹರದು ಕಟ್ಟಿದ್ರಂತ. ಅತ್ತಿಯವರು ಇನ್ನೂ ಹೇಳಿ ಹೇಳಿ ಬೈತಾರ."

"ಅದು ಕೆಟ್ಟದ್ದಲ್ಲ, ನಾ ಸರಿ ಮಾಡಿದ್ದು!" ಎಂದ ಅಜ್ಜ. ವಿಕ್ರಮ ಕಿಸಕ್ಕನೆ ನಕ್ಕ.

ಪೂಜೆ ಶುರುವಾಯಿತು. ಅಜ್ಜ ಎರಡೂ ಗಾಡಿಗೆ ವಿಭೂತಿ ಎಳೆದು, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದ. ನೀಲಿ ಗಾಡಿಗೆ ಅಜ್ಜಿ ಕಟ್ಟಿದ ಮಾಲೆ. ಕೆಂಪು ಗಾಡಿಗೆ ಮಂಜರಿ ಕಟ್ಟಿದ್ದು. ಅದು ಎಷ್ಟು ಉದ್ದವಾಗಿತ್ತೆಂದರೆ, ಗಾಡಿಯ ಈ ಕಡೆಯ ದೀಪದಿಂದ ಆ ಕಡೆಯ ದೀಪದವರೆಗೆ ಕಟ್ಟಿದರೂ ನಡುವೆ ಉಯ್ಯಾಲೆಯಂತೆ ಜೋತು ಬಿತ್ತು. ಬಂಪರ್ ಪೂರಾ ಹಳದಿ. ಮಂಜರಿಗೆ ಹೆಮ್ಮೆಯೋ ಹೆಮ್ಮೆ.

ಕೊನೆಗೆ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು.

ಅಜ್ಜ ಮೊದಲು ತನ್ನ ಗಾಡಿ ಹತ್ತಿದ. ಕೀಲಿ ತಿರುಗಿಸಿದ್ದೇ ತಡ, ನೀಲಿ ಗಾಡಿ ಗುರ್ ಎಂದು ಎದ್ದು, ಮೈ ನಡುಗಿಸಿ, ಎರಡು ಮಾರು ಮುಂದೆ ಹೋಗಿ ನಿಂತಿತು. ಪಟ್, ಪಟ್! ನಿಂಬೆಹಣ್ಣು ಚಪ್ಪಟೆ. ಅಜ್ಜ ಇಳಿದು, ಕೀಲಿಯನ್ನು ಎಂದಿನಂತೆ ಅಂಗಿಯ ಜೇಬಿಗೆ ಹಾಕಿ, ಅದರ ಮೇಲೆ ಕೈಯಿಂದ ತಟ್ಟಿಕೊಂಡ.

ಈಗ ಅವ್ವನ ಸರದಿ.

ಅವ್ವ ಸೆರಗು ಸಿಕ್ಕಿಸಿ ಕೂತಳು. ಡ್ರೈವಿಂಗ್ ಕ್ಲಾಸ್ ಮುಗಿಸಿ ಲೈಸೆನ್ಸ್ ತಂದಿದ್ದಳು, ಆದರೆ ಸ್ವಂತ ಗಾಡಿ ಓಡಿಸುವುದು ಇದೇ ಮೊದಲು. ಗಾಡಿ ಸದ್ದೇ ಇಲ್ಲದೆ ಶುರುವಾಯಿತು. ಒಂದು ಗೇಣು ಮುಂದೆ ಬಂತು.

ಟೀಂ ಟೀಂ ಟೀಂ ಟೀಂ!

ಅವ್ವ ಬೆದರಿ ಒತ್ತಿದ ಬ್ರೇಕಿಗೆ ಗಕ್ಕನೆ ನಿಂತಿತು.

ಅವ್ವ ಇನ್ನೊಮ್ಮೆ ಪ್ರಯತ್ನಿಸಿದಳು. ಒಂದು ಬೆರಳು ಮುಂದೆ. ಟೀಂ ಟೀಂ ಟೀಂ! ಮತ್ತೆ ಗಕ್ಕನೆ ಬ್ರೇಕು. ನಿಂಬೆಹಣ್ಣುಗಳು ಗಾಲಿಯ ಮುಂದೆ ದುಂಡಗೆ ಹಾಗೇ ಕೂತಿದ್ದವು.

"ಅರೇ, ಗಾಡೀ ಘಾಬರಲೀ!" ವಿಕ್ರಮ ಕೂಗಿದ. "ಮಂಜಿ, ನಿಮ್ಮ ಗಾಡಿ ನಿಂಬಿಹಣ್ಣಿಗೆ ಅಂಜತದ!"

ಬಾಲ್ಕನಿಗಳಲ್ಲಿ ನಗು. ಮಂಜರಿಯ ಕಿವಿ ಬಿಸಿಯಾಯಿತು. "ನೀ ಸುಮ್ಮನಿರೋ!" ಅಂದಳು. ಆದರೆ ಅವಳ ದನಿ ಅವಳಿಗೇ ಕೇಳಲಿಲ್ಲ.

ಅವ್ವ ಕಿಟಕಿಯಿಂದ ತಲೆ ಹೊರಹಾಕಿದಳು. "ಮುಂದ ಯಾರರೆ ಅದಾರೇನು? ಸ್ಕ್ರೀನ್ ಮ್ಯಾಲೆ ಕೆಂಪು ಗೆರಿ ತೋರಸಾಕತ್ತದ. ಮುಂದ ಯಾರೋ ಅದಾರ ಅಂತದ."

ಮುಂದೆ ಯಾರೂ ಇರಲಿಲ್ಲ. ಖಾಲಿ ನೆಲ, ಅದರ ಮೇಲೆ ರಂಗೋಲಿ.

"ಇಲ್ಲದ್ದು ಕಾಣಸಾಕತ್ತದ ಅಂದ್ರ ತಲಿ ಕೆಟ್ಟದ ಅಂತರ್ಥ," ಅಂದ ಅಜ್ಜ. "ಇಳೀವಾ ನೀಲಿಮಾ. ಹೋಗಲಿ ಬಿಡು. ನಾಳೆ ನನ್ನ ಗಾಡ್ಯಾಗ ಹೋಗೂಣು."

ಅವನು ಜೋರಾಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದ. ಅದೇ ಅವ್ವನಿಗೆ ಹೆಚ್ಚು ನಾಟಿತೇನೋ. ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದಳು.

ಮಂಜರಿ ಕಿಟಕಿಯ ಹತ್ತಿರ ಹೋದಳು.

"ಮುಂದಿನ ಬಂಪರ್ ವೈರ್ ಕಟ್ಟೂದು ನಾನ," ಅಂದಳು ಅವ್ವ, ಅವಳಿಗೆ ಮಾತ್ರ ಕೇಳುವಂತೆ. "ಎಲ್ಲೆ ತಪ್ಪಿತೋ ಏನೋ. ಸಡಿಲ ಆಗೇದೇನೋ ಮಂಜಿ."

ಅವ್ವನ ಬೆರಳ ತುದಿಗಳು ವೈರು ಒತ್ತಿ ಒತ್ತಿ ಗಟ್ಟಿಯಾಗಿದ್ದವು. ರಾತ್ರಿ ಜಡೆ ಹಾಕುವಾಗ ಮಂಜರಿಯ ಕೂದಲಿಗೆ ತೊಡರುತ್ತಿದ್ದವು. ಆ ಬೆರಳು ಒಂದು ಕೂದಲನ್ನೂ ಹೊರಗೆ ಬಿಡುವುದಿಲ್ಲ. ಅವು ವೈರನ್ನು ಸಡಿಲ ಬಿಡುತ್ತವೆಯೇ?

ಮಂಜರಿ ಗಾಡಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಒಳಗೆ ಇನ್ನೂ ಟೀಂ ಟೀಂ ಸದ್ದು ನಡೆದೇ ಇತ್ತು. ಗಾಳಿ ಬೀಸಿತು. ಮಾಲೆ ಹಿಂದಕ್ಕೆ ತೂಗಿತು. ಟೀಂಟೀಂಟೀಂ! ಮಾಲೆ ಮುಂದಕ್ಕೆ ತೂಗಿತು. ಟೀಂ... ಟೀಂ...

ಅವಳು ಉಸಿರು ಹಿಡಿದಳು. ಗಾಳಿ ಮತ್ತೆ ಬೀಸಿತು. ಮತ್ತೆ ಹಾಗೇ!

ಎರಡೂ ಕೈಯಿಂದ ಮಾಲೆಯನ್ನು ಮೇಲೆತ್ತಿ ಹಿಡಿದು, ಪಕ್ಕಕ್ಕೆ ಸರಿದು ನಿಂತಳು. ಸದ್ದು ನಿಂತಿತು.

ಹೂವಿನ ಹಿಂದೆ, ಕೆಂಪು ಬಂಪರಿನಲ್ಲಿ, ಸಣ್ಣ ಸಣ್ಣ ದುಂಡು ಗುಂಡಿಗಳು ಸಾಲಾಗಿದ್ದವು. ಅಂಗಿಯ ಗುಂಡಿಯಷ್ಟೇ. ಅಂದಕ್ಕೆ ಇಟ್ಟಿದ್ದಾರೆ ಎಂದುಕೊಂಡಿದ್ದಳು. ಒಂದು ಅಂಗೈಯನ್ನು ಅವುಗಳ ಮುಂದೆ ತಂದಳು. ಟೀಂ. ಇನ್ನೂ ಹತ್ತಿರ ತಂದಳು. ಟೀಂ ಟೀಂ ಟೀಂ. ತೆಗೆದಳು. ಸುಮ್ಮನೆ.

ಮಂಜರಿ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅವಳು ಗಾಡಿಯನ್ನು ಮುಟ್ಟಿರಲಿಲ್ಲ. ಗಾಡಿಗೆ ಅವಳ ಕೈ ಗೊತ್ತಾಗುತ್ತಿತ್ತು.

"ಅವ್ವಾ! ಇದಕ್ಕ ತಲಿ ಕೆಟ್ಟಿಲ್ಲ! ಮಾಲಿ ಕಾಣತದ ಇದಕ್ಕ! ನಾವ ಇದರ ಕಣ್ಣ ಮುಂದ ಮಾಲಿ ಕಟ್ಟೇವಿ!"

ಅವ್ವ ಇಳಿದು ಓಡಿಬಂದಳು. ಬಗ್ಗಿ ಆ ಗುಂಡಿಗಳನ್ನು ನೋಡಿದಳು. ಬೆರಳಿಂದ ಒಂದೊಂದನ್ನೇ ಸವರಿದಳು.

"ಅಯ್ಯ ಶಿವನೇ, ಸೆನ್ಸರ್!" ಅಂದಳು. "ಹೂವಿನ್ಯಾಗ ಮುಚ್ಚಿಹೋಗ್ಯಾವ, ನನಗ ಹೊಳೀಲೇ ಇಲ್ಲ. ಹಳದಿ ವೈರ್, ತುದಿಗೆ ಕರೀ ಕ್ಯಾಪು. ದಿನಾ ಕಟ್ತೇನಿ. ಕಟ್ಟಿ ಟ್ರೇಯೊಳಗ ಹಾಕಿದ್ರ ಆ ಕಡೆ ಲೈನಿನವರು ಒಯ್ದುಬಿಡ್ತಾರ. ಅದು ಹೋಗಿ ಹಿಂಗ ನೋಡತದ ಅಂತ ನಾ ಯಾವತ್ತೂ ಕಂಡಿದ್ದಿಲ್ಲವಾ."

ಅವಳೂ ಅಂಗೈ ಮುಂದೆ ಮಾಡಿದಳು. ಟೀಂ. ಅವ್ವ ನಕ್ಕಳು. ಅವ್ವ ಅಷ್ಟು ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದನ್ನು ಮಂಜರಿ ನೋಡಿಯೇ ಇರಲಿಲ್ಲ.

ವಿಕ್ರಮ ಸೈಕಲ್ ಬಿಟ್ಟು ಬಂದ. "ಏ, ನನ್ನ ಕೈ, ನನ್ನ ಕೈ!" ಎಂದು ತಾನೂ ಚಾಚಿದ. ಟೀಂ. "ಆಯಲಾ!" ಅಂದು ಬಾಯಿ ತೆರೆದೇ ನಿಂತ.

ಅಜ್ಜ ಮಾತ್ರ ದೂರ ನಿಂತಿದ್ದ. ಎಲ್ಲರೂ ಸರಿದ ಮೇಲೆ ನಿಧಾನವಾಗಿ ಬಂದು, ಮೊಣಕಾಲ ಮೇಲೆ ಕೈಯೂರಿ ಬಗ್ಗಿದ. ಗುಂಡಿ ಎಲ್ಲಿದೆಯೆಂದು ಬೆರಳಿಂದ ತಡವಿ ಹುಡುಕಿದ. ಅಂಗೈ ಹಿಡಿದ. ಟೀಂ. ತೆಗೆದ. ಮತ್ತೆ ಹಿಡಿದ.

"ಬೆಳಕು ಬೇಕೇನು ಇದಕ್ಕ?" ಕೇಳಿದ.

"ಬ್ಯಾಡ್ರಿ. ಕತ್ತಲ್ಯಾಗೂ ಗೊತ್ತಾಗತದ."

"ಎಲ್ಲಾ ಮಸಕು ಮಸಕು ಇದ್ರೂ?"

"ಇದ್ರೂ ಗೊತ್ತಾಗತದ್ರಿ, ಮಾವಾರ."

ಅಜ್ಜ ಇನ್ನೊಮ್ಮೆ ಕೈ ಹಿಡಿದ. ತೆಗೆಯಲೇ ಇಲ್ಲ. ಗಾಡಿ ಕೂಗುತ್ತಲೇ ಇತ್ತು. ಮಂಜರಿಗೆ ಯಾಕೋ ಬೆಳಗಿನ ಸೂಜಿಯ ದೊಡ್ಡ ತೂತು ನೆನಪಾಯಿತು.

ಮಾಲೆಯನ್ನು ಬಿಚ್ಚಿ ಮೇಲೆ, ಗಾಜಿನ ಕೆಳಗೆ ಬಾನೆಟ್ಟಿನ ಮೇಲೆ ಹಾಸಿ ಕಟ್ಟಿದರು. ಅವ್ವ ಮತ್ತೆ ಕೂತಳು. ಈ ಸಲ ಗಾಡಿ ಒಂದು ಮಾತೂ ಆಡಲಿಲ್ಲ. ನೀರಿನ ಹಾಗೆ ಹರಿದು ಮುಂದೆ ಬಂತು. ಪಟ್, ಪಟ್! ವಿಕ್ರಮನೇ ಮೊದಲು ಚಪ್ಪಾಳೆ ಹೊಡೆದ.

"ಒಂದು ರೌಂಡ್ ಹೊಡಿಯೂಣೇನ್ರಿ?" ಅವ್ವ ಕೇಳಿದಳು. ಆ ಕಡೆಯ ಬಾಗಿಲನ್ನು ತಾನೇ ತೆರೆದಳು.

ಅಜ್ಜ ಕೂರುವ ಮೊದಲು ಅಂಗಿಯ ಜೇಬಿಗೆ ಕೈ ಹಾಕಿ ನೀಲಿ ಗಾಡಿಯ ಕೀಲಿಯನ್ನು ತೆಗೆದ. ಒಂದು ಕ್ಷಣ ಹಿಡಿದಿದ್ದು, ಮಂಜರಿಯ ಅಂಗೈಯಲ್ಲಿಟ್ಟ.

"ಒಳಗ ದೇವರ ಮುಂದ ಇಟ್ಟು ಬಾ."

ಕೀಲಿ ಬೆಚ್ಚಗಿತ್ತು. ಪೂಜೆಗೆಂದರೆ ಅದನ್ನು ಬೆಳಗ್ಗೆಯೇ ಇಡಬಹುದಿತ್ತು. ಮಂಜರಿ ಒಳಗೆ ಓಡಿ, ಜೋಪಾನವಾಗಿ ಇಟ್ಟು, ಓಡಿಬಂದು ಹಿಂದಿನ ಸೀಟಿನಲ್ಲಿ ಕೂತಳು. ಅಜ್ಜ ಬಾಗಿಲು ಎಳೆದುಕೊಂಡ. ಧಪ್. "ಬಾಗಲಾ ಛಲೋ ಕೂಡಿಸ್ಯಾರ," ಅಂದ.

ಗಾಡಿ ಹೊರಟಿತು. ಹಿಂದಿನ ಗಾಜಿನಲ್ಲಿ ನೀಲಿ ಗಾಡಿ ಕಾಣಿಸುತ್ತಿತ್ತು. ಅಜ್ಜಿಯ ಮಾಲೆ ತೊಟ್ಟು, ದುಂಡು ದೀಪಗಳನ್ನು ಅಗಲ ಮಾಡಿಕೊಂಡು ನಿಂತಿತ್ತು. ಎಷ್ಟು ದೊಡ್ಡ ಕಣ್ಣು! ಆದರೂ ಇಷ್ಟು ವರ್ಷ ಅದಕ್ಕಾಗಿ ನೋಡಿದ್ದೆಲ್ಲ ಅಜ್ಜನೇ.

ಗೇಟು ಬಂತು. ಎಡಕ್ಕೆ ಕಂಬ. ಟೀಂ... ಟೀಂ... ಗಾಡಿ ಮೆಲ್ಲಗೆ ಹೇಳಿತು. ಅವ್ವ ಸ್ಟೀರಿಂಗನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿದಳು.

ಅಜ್ಜ ಕಿಟಕಿಯಿಂದ ಕೈ ಹೊರಚಾಚಿ, ದಾಟಿಹೋಗುತ್ತಿದ್ದ ಕಂಬವನ್ನು ಬೆರಳ ತುದಿಯಿಂದ ಮುಟ್ಟಿದ.

"ಕಂಬ ಇದ್ದಲ್ಲೇ ಅದ," ಅಂದ.

ಈ ಸಲ ಮಂಜರಿ ನಗಲಿಲ್ಲ. ಮುಂದಕ್ಕೆ ಬಾಗಿ, ಅಜ್ಜನ ಹೆಗಲ ಮೇಲೆ ಗದ್ದ ಊರಿದಳು.

"ಅಜ್ಜಾ, ಆ ಕಡೆ ನೋಡು, ರಸ್ತಾ ತುಂಬ ಚೆಂಡು ಹೂವು ಮಾರಾಕತ್ತಾರ," ಅಂದಳು. "ಹಳದಿ ಒಂದು ಕಡೆ, ಕೇಸರಿ ಒಂದು ಕಡೆ ರಾಶಿ ಹಾಕ್ಯಾರ. ಒಬ್ಬಾಕಿ ರಾಶಿ ಮ್ಯಾಲೆನ ಕೂತಾಳ..."

ಗಾಡಿ ದೊಡ್ಡ ರಸ್ತೆಗೆ ತಿರುಗುವ ತನಕ ಅವಳು ಹೇಳುತ್ತಲೇ ಇದ್ದಳು.