ಮಣ್ಣು ಮುಟ್ಟದ ತಂತಿ

ಗಲ್ಫಿನ ಖಲೀಫಾ ಸಿಟಿಯ ಈ ವಿಲ್ಲಾದಲ್ಲಿ ಎಸಿ ಸೋರಿದರೂ ನಲ್ಲಿ ಕೆಟ್ಟರೂ ಬೈಸಿಕೊಳ್ಳುವವನು ಮೆಂಟೆನೆನ್ಸ್ ಕೆಲಸದ ನಾನೇ. ಮೊನ್ನೆ ಮಳೆಯಲ್ಲಿ ಬರಿಗಾಲಲ್ಲಿ ಅಂಗಳದ ನೀರು ತಳ್ಳುತ್ತಿದ್ದಾಗ, ಛಾವಣಿಯ ಮೇಲಿನ ಮಿಂಚು ತಡೆಯುವ ಕಂಬಿಗೆ ಸಿಡಿಲು ಬಡಿದದ್ದನ್ನು ಕಣ್ಣಾರೆ ಕಂಡೆ. ಮನೆಯ ಒಂದು ಬಲ್ಬೂ ಹೋಗಲಿಲ್ಲ.

ಮರುದಿನ, ಸಿಡಿಲನ್ನು ಮಣ್ಣಿಗಿಳಿಸುವ ಅರ್ಥಿಂಗ್ ಗುಂಡಿ ತೆರೆದು ನೋಡಿದರೆ, ಕಂಬಿಯ ತಂತಿ ಅಲ್ಲಿಗೆ ಬಂದೇ ಇರಲಿಲ್ಲ, ಗೋಡೆಯಲ್ಲೇ ಮುಗಿದಿತ್ತು. ಹಾಗಾದರೆ ಸಿಡಿಲು ಮಣ್ಣಿಗಿಳಿದದ್ದು ಯಾವುದರ ಮೂಲಕ? ವರ್ಷಗಟ್ಟಲೆ ನಾನು ಆ ಗುಂಡಿಗೆ ಉಪ್ಪುನೀರು ಸುರಿದದ್ದೆಲ್ಲ ದಂಡ.

“ಇಷ್ಟು ವರ್ಷ ನೀನು ನೋಡಿದ್ದೆಂತ ಮಾರಾಯ?” ಎಂದು ಮ್ಯಾನೇಜರ್ ಮುಝಮ್ಮಿಲ್ ಅದಕ್ಕೂ ನನ್ನನ್ನೇ ಬೈದ.

ನಮ್ಮ ಕೋಣೆಗೆ ಬಂದು ಚಪ್ಪಲಿ ಬಿಟ್ಟು ನಿಂತೆ. ನೆಲ ಒರೆಸುತ್ತಿದ್ದ ಹೆಂಡತಿ ಗಿರಿಜವ್ವ ನನ್ನ ಕಾಲ ಬಳಿ ಬಂದವಳೇ ಕೈ ಹಿಂದಕ್ಕೆಳೆದುಕೊಂಡಳು.

“ನೀವು ನಿಂತಲ್ಲಿ ನೆಲ ಯಾಕ್ರೀ ಸುಡಾಕತ್ತೈತಿ?”

ಬೈಸಿಕೊಂಡು ಬಂದ ದಿನಗಳಲ್ಲೆಲ್ಲ ನನ್ನ ಕಾಲಡಿ ಹಾಗೇ ಸುಡುತ್ತದೆ. ಆ ತಂತಿಯನ್ನು ಇನ್ನೂ ಯಾರೂ ಮಣ್ಣಿಗೆ ಮುಟ್ಟಿಸಿಲ್ಲ.